ಕಿವಿಗೆ ಕೇಳದ್ದು ಕಣ್ಣಿಗೆ ಕಂಡರೆ ತಪ್ಪೇನ್ರೀ?

ಹ್ಯಾಮ್ ಗೆಳೆಯರು ಸೇರಿದಲ್ಲೆಲ್ಲ ಒಂದೇ ರಾಗ: "ಪರದೆ ನೋಡ್ಕೊಂಡು ಕೂರೋದು ರೇಡಿಯೋನೇ ಅಲ್ಲ ಸ್ವಾಮಿ, ಮೋರ್ಸ್ ಕೇಳೋ ಕಿವಿ ಬೇಕು."

ಕಿವಿ ಬೇಕು, ಒಪ್ಪಿದೆ. ಆದರೆ 2017ರಲ್ಲಿ ಬಂದ ಎಫ್‌ಟಿ8ಗೆ ಒಬ್ಬರಿಗೆ ಬೇಕಾದ ಜಾಗ ಬರೀ 50 ಹರ್ಟ್ಸ್. 14.074 ಮೆಗಾಹರ್ಟ್ಸ್‌ನಲ್ಲಿ ಹತ್ತಾರು ಜನ ಒಟ್ಟಿಗೇ ಕೂಗುವಾಗ ಯಾವ ಕಿವಿ ಬಿಡಿಸೀತು? ವಾಟರ್‌ಫಾಲ್ ನೋಡಿದರೆ ಯಾವ ಜಾಗ ಖಾಲಿ, ಯಾವುದು ಭರ್ತಿ ಅಂತ ತಕ್ಷಣ ತಿಳಿಯುತ್ತೆ. ಮುಂಬಯಿ ಫ್ಲ್ಯಾಟಿನ ಬಾಲ್ಕನಿಗೆ ತಂತಿ ಕಟ್ಟಿಕೊಂಡ ನಮ್ಮಂಥವರಿಗೆ ಗದ್ದಲದಲ್ಲಿ ಹುದುಗಿದ ಸಂಕೇತ ಕಾಣೋದೂ ಅಲ್ಲೇ.

ನನ್ನ ಜಗಳ ಬೇರೆಯವರ ಜೊತೆ. ವಾಟರ್‌ಫಾಲ್ ತೆರೆದಿಟ್ಟೂ ನೋಡದವರ ಜೊತೆ! ಖಾಲಿ ಜಾಗ ಹುಡುಕದೆ ಇನ್ನೊಬ್ಬರ ತಲೆ ಮೇಲೇ ಕರೆಯುತ್ತಾರೆ. ಆಡಿಯೋ ಏರಿಸಿ ಎಎಲ್‌ಸಿ ಮುಳ್ಳು ಕುಣಿಸುತ್ತಾರೆ. 700 ಹರ್ಟ್ಸ್‌ನಲ್ಲಿರಬೇಕಾದ ಗೆರೆಯ ನೆರಳು 1400ರಲ್ಲೂ 2100ರಲ್ಲೂ ಬೀಳುತ್ತೆ. ಪಿಎಸ್‌ಕೆ31 ಆದರೆ ಅಕ್ಕಪಕ್ಕ ಗೆರೆಗಳ ಸಾಲು. ಒಬ್ಬ ಗಿರಾಕಿ ಮೂರು ಕೌಂಟರ್ ಹಿಡಿದು ನಿಂತ ಹಾಗೆ!

ಕೇಳಿದರೆ, "ನನಗೆ ಜಪಾನ್ ಸಿಕ್ತಲ್ಲ!" ಸಿಕ್ಕಿದ್ದು ನಿಮಗೆ ಸರಿ, ನಿಮ್ಮ ನೆರಳಿನಡಿ ಸಿಕ್ಕವರ ಗತಿ?

ನಿಮ್ಮ ಕೊಳೆ ನಿಮ್ಮ ಪರದೆಯಲ್ಲಿ ಕಾಣೋದಿಲ್ಲ, ಎದುರಿನವರದ್ದರಲ್ಲಿ ಕಾಣುತ್ತೆ. ಆದ್ದರಿಂದ ಕೇಳಿ ತಿಳ್ಕೊಳ್ಳಿ. ಎಎಲ್‌ಸಿ ಮುಳ್ಳು ಮಲಗುವವರೆಗೆ ಆಡಿಯೋ ಇಳಿಸಿ. ಟೋನ್ 1500ರಿಂದ 2000 ಹರ್ಟ್ಸ್ ಒಳಗಿರಲಿ, ನೆರಳನ್ನು ರಿಗ್ಗಿನ ಫಿಲ್ಟರೇ ತಡೆಯುತ್ತೆ.

ಬ್ಯಾಂಡ್ ಯಾರಪ್ಪನ ಆಸ್ತಿಯೂ ಅಲ್ಲ. ಕಣ್ಣು ಕೊಟ್ಟ ಮೇಲೂ ಕುರುಡಾಗಿರೋದಕ್ಕೆ ಲೈಸೆನ್ಸ್ ಯಾಕ್ರೀ?