ಮಧುತ್ಯಾಗಿಗಳ ತೋಟದಲ್ಲಿ ಜೇನಿನ ಸಾವು

ಶ್ರಾವಕನ ಅಷ್ಟಮೂಲಗುಣಗಳಲ್ಲಿ ಮದ್ಯ ಮಾಂಸಗಳೊಡನೆ ಮಧುವಿನ ತ್ಯಾಗವೂ ಸೇರಿದೆ ಎಂಬುದು ಸರ್ವವಿದಿತ. ಮೊಮ್ಮಗ ತಂದ ಬಿಸ್ಕತ್ತಿನ ಪೊಟ್ಟಣದ ಮೇಲೆ ಜೇನಿನ ಚಿತ್ರ ಕಂಡರೆ ಮನೆಯ ಹಿರಿಯಳು ಅದನ್ನು ಅಂಗಡಿಗೆ ಹಿಂದಿರುಗಿಸುತ್ತಾಳೆ. ಜೇನಿನಲ್ಲಿ ಕಲಸಿ ಕೊಡಿರೆಂದು ವೈದ್ಯರು ಹೇಳಿದ ಚೂರ್ಣವನ್ನು ಬೆಲ್ಲದಲ್ಲಿ ಕಲಸಿ ಕೊಡುತ್ತಾಳೆ. ಈ ನಿಷ್ಠೆ ಸಾಮಾನ್ಯವಾದುದಲ್ಲ. ಆದರೆ ಅದೇ ಮನೆಯ ಯಜಮಾನನು ಹೂಬಿಟ್ಟ ಬೆಳೆಗೆ ಬೆಳಗಿನ ಒಂಬತ್ತು ಗಂಟೆಗೆ, ಜೇನುಗಳು ತುಂಬಿ ಮೊರೆಯುವ ಹೊತ್ತಿಗೆ, ವಿಷ ಸಿಂಪಡಿಸಿ ಬಂದು ಕೈಕಾಲು ತೊಳೆದು ಊಟಕ್ಕೆ ಕುಳಿತರೆ, ಆ ತಟ್ಟೆಯಲ್ಲಿ ಮಧುವಿಲ್ಲದಿರುವುದರಿಂದ ಯಾವ ಜೀವ ಉಳಿಯಿತು?

ಮಧುತ್ಯಾಗವು ನಾಲಿಗೆಯ ನಿಯಮವೆಂದು ತಿಳಿದಿರುವುದೇ ಇಲ್ಲಿಯ ಮೂಲ ದೋಷ. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಗೂಡಿನಿಂದ ತಾನಾಗಿ ಸೋರಿದ ಮಧುವನ್ನು ಸ್ವೀಕರಿಸುವುದರಲ್ಲಿಯೂ ಹಿಂಸೆಯನ್ನು ಕಂಡರು. ಅದನ್ನು ಆಶ್ರಯಿಸಿದ ಜೀವಗಳ ಘಾತವಾಗುತ್ತದೆಂಬುದೇ ಅವರು ಕೊಟ್ಟ ಕಾರಣ. ಎಂದರೆ ಅವರ ದೃಷ್ಟಿ ನೆಟ್ಟಿದ್ದುದು ರಸದ ಮೇಲಲ್ಲ, ಜೀವದ ಮೇಲೆ. ಯಂತ್ರದಿಂದ ತೆಗೆದ ಪೆಟ್ಟಿಗೆಯ ಜೇನು ನಿರ್ದೋಷವೆಂದು ಇತ್ತೀಚೆಗೆ ವಾದಿಸುವ ವಿದ್ಯಾವಂತರಿಗೂ ಇದೇ ಉತ್ತರ ಸಾಕು. ಸಾಲದಿದ್ದರೆ ವರ‍್ರೋವಾ ಎಂಬ ಉಣ್ಣಿಯ ಕಥೆಯನ್ನು ನೋಡಬಹುದು. ಏಷ್ಯಾದ ತುಡುವೆ ಜೇನಿನ ಮೇಲೆ ಹೇಗೋ ಬದುಕಿಕೊಂಡಿದ್ದ ಅದು, ಮನುಷ್ಯನು ಯೂರೋಪಿನ ಜೇನನ್ನು ಪೆಟ್ಟಿಗೆಯಲ್ಲಿಟ್ಟು ಇತ್ತ ಸಾಗಿಸಿದ್ದರಿಂದ ಅದಕ್ಕೆ ಅಂಟಿ, ಇಪ್ಪತ್ತನೆಯ ಶತಮಾನದಲ್ಲಿ ಜಗತ್ತಿನ ಬಹುಭಾಗಕ್ಕೆ ಹಬ್ಬಿ ಅಸಂಖ್ಯ ಕುಟುಂಬಗಳನ್ನು ನಾಶಮಾಡಿತು.

ಭ್ರಮರವು ಚತುರಿಂದ್ರಿಯ ಜೀವಿ, ಎಂಟು ಪ್ರಾಣಗಳುಳ್ಳದ್ದು ಎಂಬುದನ್ನು ಪಾಠಶಾಲೆಯ ಬಾಲಕನೂ ಒಪ್ಪಿಸುತ್ತಾನೆ. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿಯೇ ಅದರ ಉದಾಹರಣೆಯಿದೆ. ಇತ್ತ ವಿಜ್ಞಾನಿಗಳು ತಮ್ಮ ದಾರಿಯಲ್ಲಿ ನಡೆದು ಏನೇನನ್ನೋ ಕಂಡಿದ್ದಾರೆ. ಹೂವಿರುವ ದಿಕ್ಕನ್ನೂ ದೂರವನ್ನೂ ಜೇನು ತನ್ನ ಕುಣಿತದಿಂದ ಸಂಗಾತಿಗಳಿಗೆ ತಿಳಿಸುತ್ತದೆಂದು ತೋರಿಸಿದ ಕಾರ್ಲ್ ಫಾನ್ ಫ್ರಿಶ್‌ಗೆ 1973ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. 2011ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಸಂಶೋಧಕರು, ಬಲವಾಗಿ ಅಲುಗಾಡಿಸಿದ ಜೇನುಗಳು ಸಂದಿಗ್ಧವಾದ ವಾಸನೆಯೊಂದನ್ನು ಕೆಟ್ಟದ್ದರ ಸೂಚನೆಯೆಂದೇ ಬಗೆದು ಹಿಂಜರಿಯುವುದನ್ನು ಕಂಡರು. 2022ರ ಒಂದು ಅಧ್ಯಯನದಲ್ಲಿ ಬಂಬಲ್ ಜಾತಿಯ ದುಂಬಿಗಳು ಯಾವ ಆಹಾರದ ಆಸೆಯೂ ಇಲ್ಲದೆ ಪುಟ್ಟ ಮರದ ಚೆಂಡುಗಳನ್ನು ಮತ್ತೆ ಮತ್ತೆ ಉರುಳಿಸಿದವು. ಜೇನಿಗೆ ಮನವಿದೆಯೆ, ಮೀಸೆಗಳಿಂದ ಶಬ್ದದ ಕಂಪನವನ್ನು ಅರಿಯುವುದರಿಂದ ಅದಕ್ಕೆ ಐದನೆಯ ಇಂದ್ರಿಯವನ್ನು ಲೆಕ್ಕಿಸಬೇಕೆ ಎಂದು ಕೆಲವು ತರುಣರು ಶಾಸ್ತ್ರವನ್ನೂ ವಿಜ್ಞಾನವನ್ನೂ ಜಗಳಕ್ಕೆ ಹಚ್ಚುತ್ತಾರೆ. ಹಿರಿಯರು ಸಿಟ್ಟಾಗುತ್ತಾರೆ. ಇಬ್ಬರ ಶ್ರಮವೂ ವ್ಯರ್ಥ. ಪ್ರಮತ್ತಯೋಗದಿಂದ ಪ್ರಾಣಹರಣವಾದರೆ ಅದು ಹಿಂಸೆ ಎನ್ನುವಲ್ಲಿ ಸೂತ್ರಕಾರರು ಇಂದ್ರಿಯಗಳ ಲೆಕ್ಕ ಕೇಳಲಿಲ್ಲ, ಎಚ್ಚರವಿತ್ತೆ ಎಂದು ಕೇಳಿದರು.

ಈಗ ಆ ಎಚ್ಚರದ ಮಾತು. ನಿಯೋನಿಕೊಟಿನಾಯ್ಡ್ ಎಂಬ ವರ್ಗದ ಕೀಟನಾಶಕಗಳು ಬೀಜಕ್ಕೆ ಲೇಪಿಸಿದರೂ ಗಿಡದ ಸರ್ವಾಂಗಕ್ಕೂ ಏರಿ, ಪರಾಗದಲ್ಲಿಯೂ ಮಕರಂದದಲ್ಲಿಯೂ ಸೇರುತ್ತವೆ. ಭಾರತದಲ್ಲಿ ಬಳಕೆಯಲ್ಲಿರುವ ಇಮಿಡಾಕ್ಲೋಪ್ರಿಡ್ ಈ ವರ್ಗದ್ದು. 2012ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇದೇ ವರ್ಗದ ಥಯಾಮೆಥಾಕ್ಸಮನ್ನು, ಕೊಲ್ಲಲಾರದಷ್ಟು ಅಲ್ಪ ಪ್ರಮಾಣದಲ್ಲಿ ಜೇನುಗಳಿಗೆ ಉಣಿಸಿ, ಬೆನ್ನಿಗೆ ಸೂಕ್ಷ್ಮವಾದ ಗುರುತನ್ನು ಅಂಟಿಸಿ ಹೊರಗೆ ಬಿಟ್ಟರು. ಅವುಗಳಲ್ಲಿ ಅನೇಕವು ಗೂಡಿಗೆ ಮರಳಲೇ ಇಲ್ಲ. ದಾರಿ ಮರೆತವು. ಶ್ರಾವಕನ ಆತ್ಮವಂಚನೆಗೆ ಇದಕ್ಕಿಂತ ಅನುಕೂಲವಾದ ವಿಷ ಬೇರೊಂದಿರಲಾರದು. ತೋಟದಲ್ಲಿ ಹೆಣ ಬೀಳುವುದಿಲ್ಲ, ಪ್ರತಿಕ್ರಮಣದಲ್ಲಿ ನೆನಪಿಗೂ ಬರುವುದಿಲ್ಲ. ಯೂರೋಪ್ ಒಕ್ಕೂಟವು ಈ ವರ್ಗದ ಮೂರು ವಿಷಗಳನ್ನು ಬಯಲಿನ ಬೆಳೆಗಳಲ್ಲಿ ಬಳಸುವುದನ್ನು 2018ರಲ್ಲಿ ನಿಷೇಧಿಸಿತು. ಅಲ್ಲಿ ಮಧುತ್ಯಾಗದ ವ್ರತವಿಲ್ಲ.

ಗೃಹಸ್ಥನಿಗೆ ಉದ್ಯೋಗೀ ಹಿಂಸೆ ಅನಿವಾರ್ಯವೆಂಬ ಉತ್ತರ ಕೂಡಲೇ ಬರುತ್ತದೆ. ಒಪ್ಪಬೇಕಾದ ಮಾತೇ. ಬೆಳೆಗೆ ರೋಗ ಬಿದ್ದಾಗ ರೈತನು ಕೈಕಟ್ಟಿ ಕುಳಿತಿರಲೆಂದು ಯಾರೂ ಹೇಳುವುದಿಲ್ಲ. ಆದರೆ ಹೂಬಿಟ್ಟಿರುವಾಗ ಸಿಂಪಡಿಸದಿರುವುದು, ಸಿಂಪಡಿಸಲೇಬೇಕಾದರೆ ಜೇನು ಗೂಡು ಸೇರಿದ ಮೇಲೆ ಸಂಜೆ ಸಿಂಪಡಿಸುವುದು, ಕೀಟ ಕಾಣುವ ಮೊದಲೇ ಪಂಚಾಂಗ ನೋಡಿದಂತೆ ವಾರಕ್ಕೊಮ್ಮೆ ವಿಷ ಹಾಕದಿರುವುದು, ಇವುಗಳಲ್ಲಿ ಯಾವುದು ಅಸಾಧ್ಯ? ಅನಿವಾರ್ಯವೆಂಬ ಪದವು ಯತ್ನಾಚಾರವೆಲ್ಲ ಮುಗಿದ ಮೇಲೆ ಬಾಯಿಗೆ ಬರಬೇಕಾದುದು. ಲಾಭದ ಲೆಕ್ಕವೂ ಇದನ್ನೇ ಹೇಳುತ್ತದೆ. ರೋಬಸ್ಟಾ ಕಾಫಿಯ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟಲಾರದು. ಕೊಡಗಿನ ಕಾಫಿ ಹೂವಿಗೆ ಮುಖ್ಯವಾಗಿ ಬರುವವು ಹೆಜ್ಜೇನು, ತುಡುವೆ ಮತ್ತು ಕರಾವಳಿಯವರು ಮುಜಂಟಿಯೆನ್ನುವ ಕೊಂಡಿಯಿಲ್ಲದ ಪುಟ್ಟ ಜೇನು. ಏಲಕ್ಕಿಯೂ ಜೇನಿಲ್ಲದೆ ಸರಿಯಾಗಿ ಫಲಿಸದು, ಸೂರ್ಯಕಾಂತಿಯ ಕಾಳೂ ತುಂಬದು.

ಇನ್ನು ವಿಷವನ್ನು ಮಾರುವವರು. ಶ್ರಾವಕನು ವರ್ಜಿಸಬೇಕಾದ ಹದಿನೈದು ಕ್ರೂರ ಉದ್ಯೋಗಗಳಲ್ಲಿ ವಿಷವಾಣಿಜ್ಯವನ್ನು ಶ್ವೇತಾಂಬರ ಹೇಮಚಂದ್ರರು ಹೇಳಿದ್ದಾರೆ, ದಿಗಂಬರ ಪಂಡಿತ ಆಶಾಧರರೂ ಹೇಳಿದ್ದಾರೆ. ಎರಡು ಪಂಥಗಳು ಸಮ್ಮತಿಸಿದ ಈ ಮಾತಿಗೆ ಪೇಟೆಯಲ್ಲಿ ಮಾತ್ರ ಬೆಲೆಯಿಲ್ಲ. ಕೀಟನಾಶಕದ ಅಂಗಡಿಗಳ ಫಲಕದಲ್ಲಿ ತೀರ್ಥಂಕರರ ಹೆಸರು ಕಾಣುವುದು ಅಪರೂಪವಲ್ಲ, ಅಂಥ ಅಂಗಡಿಯ ದಾನ ಬಸದಿಯ ಶಿಲಾಫಲಕದಲ್ಲಿ ಕಾಣುವುದೂ ಅಪರೂಪವಲ್ಲ. ದಾನ ಸ್ವೀಕರಿಸುವ ಸಮಿತಿಯು ಹಣದ ಮೂಲವನ್ನು ವಿಚಾರಿಸುವುದು ಅಸಭ್ಯತೆಯೆಂದು ಯಾರು ಕಲಿಸಿದರೋ ತಿಳಿಯದು.

ಟ್ರಸ್ಟುಗಳ ಹೊಣೆ ಅಲ್ಲಿಗೇ ಮುಗಿಯುವುದಿಲ್ಲ. ಹೆಜ್ಜೇನು ಎತ್ತರವಾದ ಬಂಡೆ, ಮರ, ಕಟ್ಟಡಗಳನ್ನು ಅರಸುವ ಜೀವಿ. ಬಸದಿಯ ಮೇಲ್ಛಾವಣಿಯ ಅಂಚು ಅದಕ್ಕೆ ಪ್ರಿಯವಾದ ಸ್ಥಳ. ವಾರ್ಷಿಕೋತ್ಸವದ ದಿನ ಗೊತ್ತಾದೊಡನೆ ರಾತ್ರಿ ಪಂಜು ಹಿಡಿದವರನ್ನು ಕರೆಸಿ, ಹತ್ತಾರು ಸಾವಿರ ಜೀವಗಳುಳ್ಳ ಹುಟ್ಟನ್ನು ಮೊಟ್ಟೆಮರಿಗಳ ಸಹಿತ ಸುಡಿಸಿ, ಬೆಳಗ್ಗೆ ಅದೇ ನೆಲವನ್ನು ತೊಳೆದು ರಂಗವಲ್ಲಿ ಹಾಕುವುದುಂಟು. ಹೂವಿಗೆ ನೋವಾಗದಂತೆ ರಸ ಹೀರುವ ಭ್ರಮರದ ಹೆಸರನ್ನೇ ಮುನಿಗಳ ಆಹಾರಚರ್ಯೆಗೆ ಇಟ್ಟು ಭ್ರಾಮರೀವೃತ್ತಿ ಎಂದ ಧರ್ಮದ ಮಂದಿರದಲ್ಲಿ ಇದು ನಡೆಯುತ್ತದೆ. ಪಂಜು ಹಿಡಿದವನು ಕೂಲಿಯವನು, ತಾವು ಹಿಡಿಯಲಿಲ್ಲ ಎನ್ನುವವರಿಗೆ ಕೃತ, ಕಾರಿತ, ಅನುಮೋದಿತಗಳನ್ನು ಮತ್ತೆ ಓದಿಸಬೇಕಾಗಿದೆ.

ಭಯವು ಸುಳ್ಳಲ್ಲ. ಕೆರಳಿದ ಹೆಜ್ಜೇನು ಮನುಷ್ಯನನ್ನು ಕೊಂದದ್ದುಂಟು; ಮಕ್ಕಳು, ವೃದ್ಧರು ಬರುವ ಸ್ಥಳದಲ್ಲಿ ಧರ್ಮದರ್ಶಿಗಳು ಚಿಂತಿಸುವುದು ಸಹಜ. ಆದರೆ ಅದನ್ನು ಕೆರಳಿಸುವುದು ಬಹುತೇಕ ಹೊಗೆ, ಪಟಾಕಿ, ಕಲ್ಲೆಸೆತ. ಪ್ರಖರವಾದ ವಿದ್ಯುದ್ದೀಪವು ರಾತ್ರಿಯಲ್ಲಿಯೂ ಅದನ್ನು ಸೆಳೆಯುತ್ತದೆ. ಮೇಲಾಗಿ ಹೆಜ್ಜೇನು ವಲಸೆಗಾರ. ಒಂದೆಡೆ ಕೆಲವು ತಿಂಗಳಷ್ಟೇ ನಿಂತು ಹೊರಟುಹೋಗುತ್ತದೆ. ಹೋದ ಕುಟುಂಬವೇ ಮರಳಿ ಹಳೆಯ ತಾಣಕ್ಕೆ ಬರುತ್ತದೆಂದು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಆನುವಂಶಿಕ ಪರೀಕ್ಷೆಯೊಂದು ತೋರಿಸಿತು. ಆದುದರಿಂದ ಹುಟ್ಟು ಇರುವಷ್ಟು ಕಾಲ ಆ ಪಾರ್ಶ್ವದ ಬಾಗಿಲನ್ನು ಮುಚ್ಚಿ, ಅತ್ತಕಡೆಯ ದೀಪವನ್ನು ಆರಿಸಿ, ಸಿಡಿಮದ್ದನ್ನು ನಿಲ್ಲಿಸಿ, ಪ್ರದಕ್ಷಿಣೆಯನ್ನು ಒಳಗಿನಿಂದ ನಡೆಸಬಹುದು. ಜೇನು ಬಿಟ್ಟುಹೋದ ಮೇಲೆ ಅಂಟಿದ ಮೇಣವನ್ನು ಕೆರೆದು ಆ ಅಂಚಿಗೆ ತಂತಿಯ ಜಾಲರಿ ಹೊದಿಸಿದರೆ ಮುಂದಿನ ವರ್ಷ ಅದು ಬೇರೆ ಮರವನ್ನು ಹುಡುಕಿಕೊಳ್ಳುತ್ತದೆ. ಉತ್ಸವದ ಆಯವ್ಯಯವನ್ನು ಮಂಡಿಸುವ ಸಭೆಯಲ್ಲಿ, ದೀಪಾಲಂಕಾರದ ಗುತ್ತಿಗೆಯ ಬೆನ್ನಿಗೇ, ಈ ಜಾಲರಿಯ ಖರ್ಚೂ ಒಂದು ಸಾಲಾಗಿ ನಡಾವಳಿಯನ್ನು ಸೇರಲಿ.