ಗಾಯವನ್ನು ಕೇಳಿದ ಶಿಷ್ಯ

ಯೇಸುವಿನ ಹನ್ನೆರಡು ಮಂದಿ ಶಿಷ್ಯರಲ್ಲಿ, ಗುರುವನ್ನು ಹಿಡಿದುಕೊಟ್ಟ ಯೂದನನ್ನು ಬಿಟ್ಟರೆ, ಹೆಚ್ಚು ಕೆಟ್ಟ ಹೆಸರು ಹೊತ್ತವನು ತೋಮ. ಗುರುವನ್ನು ಅರಿಯೆನೆಂದು ಮೂರು ಸಲ ಹೇಳಿದ ಪೇತ್ರನೂ ಸಭೆಗೆ ಹಿರಿಯನಾದ. ಎದ್ದುಬಂದ ಗುರುವಿನ ಗಾಯ ಕಾಣದೆ ನಂಬೆನೆಂದ ತೋಮನಿಗೆ ಮಾತ್ರ ಸಂಶಯಗಾರನೆಂಬ ಹಣೆಪಟ್ಟಿ ಅಂಟಿಕೊಂಡಿತು. ಹನೂರು ತಾಲ್ಲೂಕಿನ ಮಾರ್ಟಳ್ಳಿ, ಸಂದನಪಾಳ್ಯದ ಕಥೋಲಿಕರಿಗೆ ಈತ ದೂರದವನಲ್ಲ. ಕ್ರಿ.ಶ. 52ರಲ್ಲಿ ಕೇರಳದ ಕರಾವಳಿಗೆ ಬಂದಿಳಿದು, ಕೊನೆಗೆ ಮೈಲಾಪುರದಲ್ಲಿ ಪ್ರಾಣ ಕೊಟ್ಟನೆಂದು ಪರಂಪರೆ ಹೇಳುತ್ತದೆ. ಅಷ್ಟು ದೂರ ಬಂದವನನ್ನು ಒಂದು ಸಂಜೆಯ ಮಾತಿನಿಂದ ಅಳೆಯುವುದು ಸರಿಯೇ? ಪರಂಪರೆಯ ಮಾತು ಹಾಗಿರಲಿ, ಯೊವಾನ್ನನ ಶುಭಸಂದೇಶವೇ ಬೇರೆ ಚಿತ್ರ ಕೊಡುತ್ತದೆ. ಗೆಳೆಯ ಲಾಜರನ ಕಾಯಿಲೆಯ ಸುದ್ದಿ ಬಂದು ಯೇಸು ಹೊರಟುನಿಂತಾಗ, ಜುದೇಯಕ್ಕೆ ಹೋದರೆ ಕಲ್ಲೇಟು ತಪ್ಪದೆಂದು ಉಳಿದವರು ಹಿಂಜರಿದರು. ಗುರುವಿನೊಡನೆ ಸಾಯಲು ನಾವೂ ಹೋಗೋಣವೆಂದು ಹೊರಟವನು ತೋಮ. ಅವನಲ್ಲಿ ಭಕ್ತಿ ಕಡಿಮೆಯಿತ್ತು ಎನ್ನುವವರು ಈ 11ನೆಯ ಅಧ್ಯಾಯವನ್ನು ದಾಟಿಕೊಂಡೇ ಹೋಗಬೇಕು.

ಇನ್ನು ಆ ಸಂಜೆಯ ವಿಚಾರ. ಪುನರುತ್ಥಾನದ ಸುದ್ದಿ ತಂದ ಹೆಂಗಸರ ಮಾತನ್ನು ಶಿಷ್ಯರು ಬರಿಯ ಹರಟೆಯೆಂದು ತಳ್ಳಿಹಾಕಿದರೆಂದು ಲೂಕ ಬರೆಯುತ್ತಾನೆ. ಮುಂದೆ ಯೇಸು ಬಂದು ಕೈಯನ್ನೂ ಪಕ್ಕೆಯನ್ನೂ ತೋರಿಸಿದ ಮೇಲೆ ಅವರು ಹಿಗ್ಗಿದರು. ಅಂದು ಅಲ್ಲಿರದ ತೋಮ ಕೇಳಿದ್ದು ಹೆಚ್ಚುಕಡಿಮೆ ಅದನ್ನೇ. ಮುಟ್ಟಿ ನೋಡುತ್ತೇನೆ ಎಂದದ್ದು ಹೆಚ್ಚಾಯಿತೆನ್ನಬಹುದು. ಆದರೆ ಗಾಯ ಕಣ್ಣೆದುರು ಬಂದಾಗ ಅವನು ಮುಟ್ಟಿದನೆಂದು ಯೊವಾನ್ನ ಎಲ್ಲೂ ಹೇಳುವುದಿಲ್ಲ. ಗಾಯದೊಳಗೆ ಬೆರಳು ತೂರಿಸಿದ ದೃಶ್ಯವನ್ನು ನಮ್ಮ ಮನಸ್ಸಿಗೆ ಇಳಿಸಿದವರು ಕಾರವಾಜ್ಜಿಯೊನಂಥ ಚಿತ್ರಕಾರರು. ನೋಡಿದೊಡನೆ ತೋಮ ಯೇಸುವನ್ನು ಪ್ರಭುವೆಂದೂ ದೇವರೆಂದೂ ಕರೆದುಬಿಟ್ಟ. ಆ ಪುಸ್ತಕದಲ್ಲಿ ಬೇರೆ ಯಾವ ಶಿಷ್ಯನೂ ಅಷ್ಟು ದೂರ ಹೋಗಿಲ್ಲ.

ಶಿಷ್ಯ ಗುರುವನ್ನೇ ಪರೀಕ್ಷಿಸುವುದುಂಟೇ ಎಂಬ ಆಕ್ಷೇಪ ಚಿಕ್ಕಲ್ಲೂರಿನ ಸೀಮೆಯಲ್ಲಿ ಸಹಜವಾಗಿಯೇ ಏಳುತ್ತದೆ. ಅಲ್ಲಿ ಗದ್ದುಗೆಗೊಂಡಿರುವ ಸಿದ್ದಪ್ಪಾಜಿ, ಗುರು ಮಂಟೇಸ್ವಾಮಿಯ ಮಾತಿಗೆ ಕಬ್ಬಿಣದ ಭಿಕ್ಷೆಗೆಂದು ಹಲಗೂರಿಗೆ ಹೋಗಿ, ಕಮ್ಮಾರ ಪಾಂಚಾಳರ ಪರೀಕ್ಷೆಗಳನ್ನೆಲ್ಲ ತಾನೇ ಉಂಡವನು. ಅವನ ಮುಂದೆ ತೋಮ ಸಣ್ಣವನಾಗಿ ಕಾಣುತ್ತಾನೆ, ನಿಜ. ಆದರೆ ಕೊಳ್ಳೇಗಾಲ, ಯಳಂದೂರಿನ ಕಡೆ ನೀಲಗಾರರು ತಂಬೂರಿ ಮೀಟಿ ಹಾಡುವ ಅದೇ ಮಂಟೇಸ್ವಾಮಿ ಕಾವ್ಯದಲ್ಲಿ ಕಲ್ಯಾಣದ ಸಾಲೂ ಇದೆ. ಅಲ್ಲಿ ಗುರು ಬರುವುದು ಕುಷ್ಠ ಹಿಡಿದ ಮೈಯಲ್ಲಿ, ನೊಣ ಮುತ್ತಿಸಿಕೊಂಡು. ಭಕ್ತರೆಂದು ಬೀಗುತ್ತಿದ್ದವರು ಮೂಗು ಮುಚ್ಚಿ ಓಡುತ್ತಾರೆ. ಆ ರೂಪದಲ್ಲೇ ಗುರುವನ್ನು ಗುರುತಿಸಿದವರು ಬಸವಣ್ಣನಂಥ ಕೆಲವರು. ತೋಮ ಕೇಳಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅವನು ಪವಾಡ ಕೇಳಲಿಲ್ಲ, ತೇಜಸ್ಸು ಕೇಳಲಿಲ್ಲ, ಮೊಳೆಯ ಗುರುತು ಕೇಳಿದ. ಗಾಯವಿಲ್ಲದ ಗುರು ಎದ್ದುಬಂದರೆ ಅವನು ಶಿಲುಬೆಗೇರಿದ ನಮ್ಮ ಗುರುವಲ್ಲ ಎಂಬುದು ಆ ಹಟದ ಒಳಗಿನ ತರ್ಕ. ಕಲ್ಯಾಣದವರು ಹುಣ್ಣು ನೋಡಿ ಓಡಿದರು, ಇವನು ಗಾಯವನ್ನೇ ಬೇಡಿದ. ಎರಡು ಕಥೆಗಳಿಗೂ ಸಂಬಂಧವಿಲ್ಲ ಎನ್ನುವವರೊಡನೆ ನನ್ನ ಜಗಳವಿಲ್ಲ. ಗುರುವನ್ನು ಅರಿಯುವ ಬಗೆಯಷ್ಟೇ ಇಲ್ಲಿನ ಮಾತು.

ಕಾಣದೆ ನಂಬಿದವರು ಧನ್ಯರೆಂದು ಯೇಸುವೇ ಹೇಳಿದನಲ್ಲ? ಹೌದು, ಅದರಲ್ಲಿ ಗದರಿಕೆಯ ಎಳೆಯೂ ಇದೆ. ಆದರೆ ಕಂಡು ನಂಬಿದವರು ಹತ್ತು ಮಂದಿಯೂ ಹೌದು, ಆ ಮಾತು ತೋಮನೊಬ್ಬನಿಗೇ ತಗಲುವಂಥದ್ದಲ್ಲ. ಮರುವಾಕ್ಯದಲ್ಲೇ ಯೊವಾನ್ನ ತಾನು ಈ ಪುಸ್ತಕ ಬರೆದದ್ದೇಕೆಂದು ಓದುಗರಿಗೆ ಹೇಳತೊಡಗುತ್ತಾನೆ. ಧನ್ಯತೆಯ ಮಾತಿನ ಕಣ್ಣು ಮುಂದೆಂದೋ ಓದಲಿರುವವರ ಮೇಲಿದೆ. ಜೊತೆಗಾರರ ಮಾತಿಗೆ ತೋಮ ಬೆಲೆ ಕೊಡಲಿಲ್ಲ ಎಂಬ ದೂರು ಇದಕ್ಕಿಂತ ಗಟ್ಟಿಯಾದದ್ದು. ಆದರೆ ಆ ಜೊತೆಗಾರರು ಗುರು ಸೆರೆಯಾದಾಗ ಓಡಿಹೋದವರು. ಕಂಡೆವೆಂದು ಹೇಳಿ ಎಂಟು ದಿನವಾದ ಮೇಲೂ ಕದ ಹಾಕಿಕೊಂಡು ಕುಳಿತಿದ್ದರು. ಕಂಡವರೇ ಹೊರಗೆ ಬಾರದಿರುವಾಗ ಕೇಳಿದವನು ನಂಬಲಿಲ್ಲವೆಂದು ದೂರುವುದು ಹೇಗೆ? ನಂಬದಿದ್ದರೂ ಅವನು ಅವರನ್ನು ಬಿಟ್ಟುಹೋಗದೆ ಅದೇ ಕೋಣೆಯಲ್ಲಿದ್ದ. ಬರೆದವನಿಗಂತೂ ಅವನ ಮೇಲೆ ಅಸಮಾಧಾನವಿದ್ದಂತಿಲ್ಲ: 21ನೆಯ ಅಧ್ಯಾಯದಲ್ಲಿ ತಿಬೇರಿಯ ಸರೋವರದ ಬಳಿ ಸೇರಿದ್ದ ಶಿಷ್ಯರನ್ನು ಹೆಸರಿಸುವಾಗ ಪೇತ್ರನ ಬೆನ್ನಿಗೇ ತೋಮನ ಹೆಸರು ಬರುತ್ತದೆ.