ಸೈನಿಕ ಮೈತ್ರಿಗೆ ಧರ್ಮದ ಹೆಸರೊಂದೇ ಸಾಕೇ?

2025ರ ಸೆಪ್ಟೆಂಬರ್ 17ರಂದು ಸೌದಿ ಅರೇಬಿಯಾ ಮತ್ತು ಪಾಕಿಸ್ತಾನಗಳು ರಿಯಾದ್‌ನಲ್ಲಿ ಪರಸ್ಪರ ರಕ್ಷಣಾ ಒಪ್ಪಂದಕ್ಕೆ ಸಹಿ ಹಾಕಿದವು. ಆಗ ನಮ್ಮ ಯುವಕರ ನಡುವೆ ಹಳೆಯ ಮಾತೊಂದು ಮತ್ತೆ ಕೇಳಿಬಂತು: ಮುಸ್ಲಿಮ್ ರಾಷ್ಟ್ರಗಳು ಮುಸ್ಲಿಮ್ ರಾಷ್ಟ್ರಗಳೊಂದಿಗೆ ಮಾತ್ರ ಸೇರಿ ಒಂದು ಸೈನ್ಯ, ಒಂದು ಬೊಕ್ಕಸ ಮಾಡಿಕೊಳ್ಳುವುದೇ ಇಸ್ಲಾಮೀ ರಾಜನೀತಿ! ಇಸ್ಲಾಮನ್ನು ದ್ವೇಷಿಸುವವರು ಹೇಳುವುದೂ ಬಹುಮಟ್ಟಿಗೆ ಇದನ್ನೇ. ಮುಸ್ಲಿಮೇತರರೊಂದಿಗೆ ಮಾಡಿಕೊಂಡ ಕರಾರಿಗೆ ಮುಸ್ಲಿಮರಲ್ಲಿ ಬೆಲೆಯಿಲ್ಲ ಎಂದು ಅವರು ವಾದಿಸುತ್ತಾರೆ. ಈ ಎರಡೂ ಮಾತುಗಳನ್ನು ನಾವು ನಿರಾಕರಿಸುತ್ತೇವೆ.

ಪ್ರವಾದಿ ಮುಹಮ್ಮದ್(ಸ)ರು 622ರಲ್ಲಿ ಮದೀನಾಕ್ಕೆ ಬಂದ ಬಳಿಕ ಬರೆಸಿದ ಕರಾರುಪತ್ರವನ್ನು ಇಬ್ನು ಇಸ್‌ಹಾಕ್ ದಾಖಲಿಸಿದ್ದಾರೆ. ಯಸ್ರಿಬ್‌ನ ಮೇಲೆ ಯಾರಾದರೂ ಏರಿಬಂದರೆ ಮುಸ್ಲಿಮರೂ ಯಹೂದಿಗಳೂ ಕೂಡಿ ಎದುರಿಸಬೇಕು, ಯುದ್ಧ ನಡೆಯುವಷ್ಟು ಕಾಲ ಉಭಯರೂ ವೆಚ್ಚ ಹೊರಬೇಕು, ಅವರ ಧರ್ಮ ಅವರಿಗೆ, ಇವರ ಧರ್ಮ ಇವರಿಗೆ ಎಂಬುದು ಅದರ ಸಾರ. ರಕ್ಷಣಾ ವೆಚ್ಚದ ಹಂಚಿಕೆ ಇಂದಿನ ರಾಜತಂತ್ರಜ್ಞರ ಹೊಸ ಸಂಶೋಧನೆಯೇನಲ್ಲ. ಅಪರಾಧಿಗೆ ಈ ಪತ್ರ ಆಶ್ರಯವಾಗದು ಎಂಬ ಷರತ್ತೂ ಅದರಲ್ಲಿತ್ತು ಎಂಬುದನ್ನು ಗಮನಿಸಬೇಕು. ಹುದೈಬಿಯಾ ಒಪ್ಪಂದದ ನಂತರ ಪ್ರವಾದಿ(ಸ)ರ ಮಿತ್ರರಾದ ಖುಝಾಅ ಗೋತ್ರದವರಲ್ಲಿ ಅನೇಕರು ಆಗಿನ್ನೂ ಮುಸ್ಲಿಮರಾಗಿರಲಿಲ್ಲ. ಕುರೈಶರ ಮಿತ್ರರಾದ ಬನೂ ಬಕ್ರ್ ಅವರ ಮೇಲೆ ರಾತ್ರಿ ದಾಳಿ ಮಾಡಿದಾಗ ಅವರು ಮೊರೆಯಿಟ್ಟದ್ದು ಮದೀನಾಕ್ಕೆ. ಹತ್ತು ಸಾವಿರ ಮಂದಿಯ ಸೈನ್ಯ ಮಕ್ಕಾದತ್ತ ಹೊರಟದ್ದು ಆ ಮೊರೆಗೆ ಉತ್ತರವಾಗಿ. ಕೊಟ್ಟ ಮಾತಿನ ತೂಕ ಅಷ್ಟಿತ್ತು.

ಇನ್ನು ನಮ್ಮ ಮನೆಬಾಗಿಲಿನ ಇತಿಹಾಸಕ್ಕೆ ಬರೋಣ. ಮುಳಬಾಗಿಲು ದಾಟಿ ನಂಗಲಿಯ ಮೂಲಕ ಪಲಮನೇರಿನತ್ತ ಸಾಗುವ ಹೆದ್ದಾರಿಯಲ್ಲಿ ನಾವೆಲ್ಲ ಓಡಾಡಿದವರೇ. ಹೊಯ್ಸಳರ ಕಾಲದಿಂದಲೂ ನಂಗಲಿ ಈ ನಾಡಿನ ಮೂಡಣ ಗಡಿ. ಮದರಾಸಿನಿಂದ ಮೇಲೇರಿ ಬರುವ ಸೈನ್ಯಕ್ಕೂ ಇಲ್ಲಿಂದ ಕೆಳಗಿಳಿಯುವ ಸೈನ್ಯಕ್ಕೂ ಇದು ಹೆಬ್ಬಾಗಿಲು. ಬೂದಿಕೋಟೆಯಲ್ಲಿ ಹುಟ್ಟಿದ ಹೈದರ್ ಅಲಿಯು 1768ರ ಅಕ್ಟೋಬರ್‌ನಲ್ಲಿ ಮುಳಬಾಗಿಲಿನ ಬಳಿ ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯದೊಂದಿಗೆ ಕಾದಾಡಿದನು. ಮರುವರ್ಷ ಮದರಾಸಿನ ಬಾಗಿಲಿಗೇ ಹೋಗಿ ನಿಂತು, ಏಪ್ರಿಲ್‌ನಲ್ಲಿ ಕಂಪೆನಿಯಿಂದ ಒಪ್ಪಂದ ಬರೆಸಿಕೊಂಡನು. ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ನೆರವಿಗೆ ಬರಬೇಕು. ಬಂದ ಸೈನಿಕನಿಗೂ ಸವಾರನಿಗೂ ತಿಂಗಳಿಗೆ 15 ರೂಪಾಯಿ, ಸಿಪಾಯಿಗೆ ಏಳೂವರೆ ರೂಪಾಯಿ ಸಂಬಳ. ಲೆಕ್ಕ ಇಷ್ಟು ಸ್ಪಷ್ಟ. ಮರುವರ್ಷವೇ ಪೇಶ್ವೆ ಮಾಧವರಾಯನ ಮರಾಠಾ ಸೈನ್ಯ ಮೈಸೂರಿನ ಮೇಲೆ ಬಿತ್ತು. 1771ರಲ್ಲಿ ಹೈದರನು ಚಿನಕುರಳಿಯಲ್ಲಿ ಹೀನಾಯವಾಗಿ ಸೋತನು. ನೆರವನ್ನು ಎಷ್ಟು ಬೇಡಿದರೂ ಕಂಪೆನಿಯಿಂದ ಒಬ್ಬ ಸಿಪಾಯಿಯೂ ಬರಲಿಲ್ಲ. 1780ರಲ್ಲಿ ಹೈದರನು ಘಟ್ಟ ಇಳಿದು ಕರ್ನಾಟಿಕ್ ಪ್ರಾಂತದ ಮೇಲೆ ನುಗ್ಗಿದ್ದರ ಹಿಂದೆ ಈ ವಚನಭಂಗದ ಕಹಿಯೂ ಇತ್ತು. ಆಗ ಅವನು ಕೈಜೋಡಿಸಿದ್ದು ನಿಝಾಮನ ಜೊತೆಗೆ ಅದೇ ಮರಾಠರೊಂದಿಗೂ.

ಹೈದರನೂ ನಿಝಾಮನೂ ಮುಸ್ಲಿಮರಾಗಿ ಕೊನೆಯವರೆಗೂ ಒಂದಾಗಿದ್ದರೆ ಕಂಪೆನಿ ನಿಲ್ಲುತ್ತಿರಲಿಲ್ಲ ಎಂದು ನಮ್ಮ ಹಿರಿಯರಲ್ಲಿ ಕೆಲವರು ಈಗಲೂ ನಿಟ್ಟುಸಿರು ಬಿಡುತ್ತಾರೆ. ಅವರು ಮರೆಯುವ ಸಂಗತಿಗಳಿವೆ. 1767ರಲ್ಲಿ ನಿಝಾಮ್ ಅಲಿಯು ಮೊದಲು ಕಂಪೆನಿಯ ಜೊತೆಗಿದ್ದನು, ಬಳಿಕ ಹೈದರನ ಕಡೆ ಬಂದನು, 1768ರ ಫೆಬ್ರವರಿಯಲ್ಲಿ ಮತ್ತೆ ಕಂಪೆನಿಯತ್ತ ವಾಲಿದನು. ಮತ ಒಂದೇ ಆಗಿತ್ತು, ಮಾತು ಮಾತ್ರ ಇರಲಿಲ್ಲ. 1791ರಲ್ಲಿ ಕಾರ್ನ್‌ವಾಲಿಸ್ ಮೊಗಿಲಿ ಘಟ್ಟವನ್ನೇರಿ ಪಲಮನೇರು, ಮುಳಬಾಗಿಲು, ಕೋಲಾರಗಳ ಮಾರ್ಗವಾಗಿ ಬೆಂಗಳೂರಿಗೆ ಲಗ್ಗೆ ಹಾಕಿದಾಗ ನಿಝಾಮನು ಅವನ ಮಿತ್ರ. ಟಿಪ್ಪು ಸುಲ್ತಾನನು ತುರ್ಕಿಯ ಖಲೀಫರಿಗೂ ದೂತರನ್ನು ಕಳುಹಿಸಿದ್ದನು. ಮೂರನೆಯ ಸಲೀಮ್ 1798ರಲ್ಲಿ ಅವನಿಗೆ ಬರೆದದ್ದೇನು? ಫ್ರೆಂಚರ ಸಹವಾಸ ಬಿಟ್ಟು ಇಂಗ್ಲಿಷರೊಂದಿಗೆ ಸಂಧಾನದಿಂದಿರು ಎಂದು! ಈಜಿಪ್ಟಿಗೆ ನೆಪೋಲಿಯನ್ ನುಗ್ಗಿದ್ದನು, ಖಲೀಫರಿಗೆ ಆಗ ಇಂಗ್ಲಿಷರು ಬೇಕಾಗಿದ್ದರು. ಅವರ ರಾಜ್ಯದ ದೃಷ್ಟಿಯಲ್ಲಿ ಅದು ಸರಿಯಿರಬಹುದು, ಆದರೆ ಅದನ್ನು ಉಮ್ಮತ್‌ನ ಐಕ್ಯವೆಂದು ಕರೆಯಲಾಗದು. ಈ ದೊರೆಗಳು ಮುಸ್ಲಿಮರು ನಿಜ. ಅವರ ಮೈತ್ರಿಗಳೆಲ್ಲ ಇಸ್ಲಾಮಿನ ಮಾದರಿಗಳಲ್ಲ.

ರಕ್ಷಣಾ ವೆಚ್ಚದ ವಿಷಯದಲ್ಲಂತೂ ನಿಝಾಮನದು ದೊಡ್ಡ ಪಾಠ. 1795ರಲ್ಲಿ ಖರ್ಡಾದಲ್ಲಿ ಅವನು ಮರಾಠರಿಂದ ಸೋತಾಗ ಕಂಪೆನಿ ತಟಸ್ಥವಾಗಿ ಕೈಕಟ್ಟಿ ಕುಳಿತಿತ್ತು. ಹೀಗಿದ್ದೂ 1798ರಲ್ಲಿ ಸಹಾಯಕ ಸೈನ್ಯದ ಒಪ್ಪಂದಕ್ಕೆ ಸಹಿ ಹಾಕಿ, ತನ್ನ ಫ್ರೆಂಚ್ ದಳವನ್ನು ಕಳೆದುಕೊಂಡು, ಕಂಪೆನಿಯ ಆರು ಸಾವಿರ ಸಿಪಾಯಿಗಳಿಗೆ ವರ್ಷಕ್ಕೆ ಸುಮಾರು 24 ಲಕ್ಷ ರೂಪಾಯಿ ಕೊಡಲು ಒಪ್ಪಿದನು. ಎರಡು ವರ್ಷ ತುಂಬಿತು. ಮೈಸೂರನ್ನು ಒಡೆದು ತಾನು ಪಡೆದಿದ್ದ ಬಳ್ಳಾರಿ, ಅನಂತಪುರ, ಕಡಪದ ಸೀಮೆಗಳನ್ನೇ 1800ರಲ್ಲಿ ಆ ವೆಚ್ಚಕ್ಕೆಂದು ಕಂಪೆನಿಗೆ ಒಪ್ಪಿಸಬೇಕಾಯಿತು. ಒಡೆಯರ ಮೈಸೂರಿಗೂ ಇದೇ ನೊಗ ಬಿತ್ತು. 1799ರ ಒಪ್ಪಂದದಂತೆ ವರ್ಷಕ್ಕೆ ಏಳು ಲಕ್ಷ ವರಹ ಕೊಡಬೇಕಾಗಿತ್ತು. ಆ ಹಣದ ಬಾಕಿಯನ್ನೂ ನಗರದ ದಂಗೆಯನ್ನೂ ಮುಂದೊಡ್ಡಿ 1831ರಲ್ಲಿ ಕಂಪೆನಿ ಆಡಳಿತವನ್ನೇ ಕೈಗೆತ್ತಿಕೊಂಡಿತು. ಸೈನಿಕ ಅವರವನು, ಅಪ್ಪಣೆ ಅವರದು, ಹಣ ಮಾತ್ರ ನಮ್ಮದು. ಇದನ್ನು ವೆಚ್ಚದ ಹಂಚಿಕೆ ಎನ್ನುವುದಾದರೆ ಕುರಿ ತೋಳನಿಗೆ ಕೊಡುವ ಉಣ್ಣೆಯನ್ನೂ ಹಾಗೆಯೇ ಕರೆಯಬಹುದು.

ಇದರ ಪಕ್ಕದಲ್ಲಿ ಇನ್ನೊಂದು ಘಟನೆಯನ್ನಿಟ್ಟು ನೋಡಬೇಕು. ಹಝ್ರತ್ ಉಮರ್(ರ)ರ ಆಡಳಿತಕಾಲದಲ್ಲಿ, ಯರ್ಮೂಕ್ ಯುದ್ಧಕ್ಕೆ ಮುನ್ನ, ಮುಸ್ಲಿಮ್ ಸೈನ್ಯ ಹಿಮ್ಸ್ ಪಟ್ಟಣದಿಂದ ಹಿಂದೆ ಸರಿಯಬೇಕಾಯಿತು. ರಕ್ಷಣೆಯ ಹೊಣೆಗಾಗಿ ಅಲ್ಲಿನ ಕ್ರೈಸ್ತರಿಂದಲೂ ಯಹೂದಿಗಳಿಂದಲೂ ಪಡೆದಿದ್ದ ತೆರಿಗೆಯನ್ನು ಆಗ ಹಿಂದಿರುಗಿಸಲಾಯಿತು. ನಿಮ್ಮನ್ನು ಕಾಯಲು ನಮ್ಮಿಂದಾಗದು, ಆದ್ದರಿಂದ ನಿಮ್ಮ ಹಣ ನಮಗೆ ಸಲ್ಲದು ಎಂದು ತಿಳಿಸಲಾಯಿತು ಎಂದು ಬಲಾಝುರೀ ಬರೆದಿದ್ದಾರೆ. ಧರ್ಮಾಧಾರಿತ ಸರಕಾರವೊಂದು ರಕ್ಷಣಾ ವೆಚ್ಚವನ್ನು ಹೇಗೆ ಕಾಣಬೇಕೆಂದು ಕೇಳುವವರಿಗೆ ನಾವು ತೋರಿಸುವುದು ಇದನ್ನೇ. ನೇಟೋ ರಾಷ್ಟ್ರಗಳು 2035ರೊಳಗೆ ರಾಷ್ಟ್ರೀಯ ಉತ್ಪನ್ನದ ಶೇಕಡಾ 5ನ್ನು ರಕ್ಷಣೆಗೆ ವ್ಯಯಿಸಲು ಒಪ್ಪಿವೆ. ಕೊಲ್ಲಿಯ ದೊರೆಗಳು ಹೊರಗಿನವರ ಸೇನಾ ನೆಲೆಗಳಿಗೆ ಜಾಗ ಕೊಟ್ಟಿದ್ದಾರೆ. ಅಲ್ಲಿ ಶೇಕಡಾವಾರನ್ನಾಗಲಿ, ದೊರೆಯ ಮತವನ್ನಾಗಲಿ ಕೇಳಿ ಪ್ರಯೋಜನವಿಲ್ಲ. ಆ ಸೈನ್ಯಕ್ಕೆ ಅಪ್ಪಣೆ ಕೊಡುವವರು ಯಾರು? ದಾಳಿಕೋರನ ವಿರುದ್ಧವೇ, ನೆರೆಯವನ ನೆಲದ ಆಸೆಗೇ? ನೆರವು ಬರದಿದ್ದರೆ ಹಣ ಮರಳುತ್ತದೆಯೇ?

ನಮ್ಮ ಯುವಕರು ಓದಲೇಬೇಕಾದ ಇನ್ನೊಂದು ನಿಯಮ ಸೂರಃ ಅನ್ಫಾಲ್‌ನ 72ನೆಯ ವಚನದಲ್ಲಿದೆ. ಅಲ್ಲಿ ಧರ್ಮದ ವಿಷಯದಲ್ಲಿ ನೆರವು ಬೇಡುವ ವಿಶ್ವಾಸಿಗಳಿಗೆ ನೆರವಾಗುವ ಹೊಣೆಯನ್ನು ಹೇಳಿದ ಕೂಡಲೇ, ಕರಾರಿನಿಂದ ಬದ್ಧರಾದ ಜನರ ವಿರುದ್ಧ ಆ ನೆರವು ಸಲ್ಲದೆಂದು ತಡೆಯಲಾಗಿದೆ. ಈ ದೇಶದ ಸಂವಿಧಾನದ ಅಡಿಯಲ್ಲಿ ಪ್ರಜೆಗಳಾಗಿ ಬಾಳುವ ನಾವು ಅಂತಹ ಕರಾರಿನೊಳಗಿದ್ದೇವೆ. ರಿಯಾದ್‌ನ ಸಹಿ ನಮ್ಮದಲ್ಲ. ಹುದೈಬಿಯಾದಲ್ಲಿ ಕರಾರು ಬರೆಯುತ್ತಿರುವಾಗಲೇ ಅಬೂ ಜಂದಲ್(ರ) ಕಾಲಿನ ಸಂಕೋಲೆಯನ್ನು ಎಳೆದುಕೊಂಡು ಮುಸ್ಲಿಮರ ಬಳಿಗೆ ಓಡಿಬಂದರು. ಮಾತು ಆಗಲೇ ಕೊಟ್ಟಾಗಿತ್ತು. ತಾಳ್ಮೆಯಿಂದಿರು, ಅಲ್ಲಾಹನು ದಾರಿ ತೋರುವನು ಎಂದು ಸಮಾಧಾನ ಹೇಳಿ ಪ್ರವಾದಿ(ಸ)ರು ಅವರನ್ನು ಕುರೈಶರ ಕಡೆಗೆ ಮರಳಿಸಿದರು.